ಗಣಕಯಂತ್ರದ ಲೆಕ್ಕಕ್ಕೊಂದು ತೆಳುವಾದ ಕೈಪಿಡಿ

ದಿನವಹಿಯಲ್ಲಿ ಜಮೆಯನ್ನೋ ಖರ್ಚನ್ನೋ ಬರೆದ ಬಳಿಕ ಅದರ ಕೆಳಗೆ ಒಂದು ಸಾಲಿನ ವಿವರಣೆಯನ್ನು ಕೊಡುವುದು ಲೆಕ್ಕಪತ್ರದ ಹಳೆಯ ಶಿಸ್ತು. ಮೊತ್ತ ಎಷ್ಟೆಂಬುದನ್ನು ಅಂಕಿ ಹೇಳುತ್ತದೆ. ಅದು ಯಾರಿಗೆ, ಯಾವ ಬಾಬ್ತು, ಯಾವ ಬಿಲ್ಲಿನ ಆಧಾರದಿಂದ ಸಂದಿತು ಎಂಬುದನ್ನು ಆ ಸಾಲು ಹೇಳುತ್ತದೆ. ವಿವರಣೆಯಿಲ್ಲದ ನಮೂದು ಬರೆದ ದಿನ ಎಲ್ಲರಿಗೂ ಅರ್ಥವಾಗುತ್ತದೆ. ಮೂರು ವರ್ಷ ಕಳೆದ ಮೇಲೆ ಬರೆದ ಗುಮಾಸ್ತನಿಗೂ ಅರ್ಥವಾಗುವುದಿಲ್ಲ.

ಇಂದು ದಿನವಹಿ, ಖಾತಾವಹಿ, ದಾಸ್ತಾನು ಪುಸ್ತಕ ಎಲ್ಲವೂ ಗಣಕಯಂತ್ರದೊಳಗೆ ಸೇರಿವೆ. ಪ್ರತಿಯೊಂದು ನಮೂದಿಗೂ ವಿವರಣೆ ಬರೆಯಿಸುವ ವರ್ತಕರು, ಆ ನಮೂದುಗಳನ್ನೆಲ್ಲ ಹೊತ್ತಿರುವ ತಂತ್ರಾಂಶಕ್ಕೆ ವಿವರಣೆ ಬರೆದಿಡುವುದು ಮಾತ್ರ ಅಪರೂಪ. ತಂತ್ರಾಂಶ ಯಾವುದು, ದತ್ತಾಂಶ ಎಲ್ಲಿದೆ, ಸಂಕೇತಗಳ ಅರ್ಥವೇನು, ಕೆಟ್ಟರೆ ಮರಳಿ ನಿಲ್ಲಿಸುವುದು ಹೇಗೆ ಎಂಬುದನ್ನು ಬರೆದಿಡುವ ಕೆಲಸಕ್ಕೆ ತಂತ್ರಾಂಶ ದಾಖಲೀಕರಣವೆಂದು ಹೆಸರು. ಇದು ಬೆಂಗಳೂರಿನ ದೊಡ್ಡ ಕಂಪನಿಗಳಿಗೆ ಸಂಬಂಧಿಸಿದ ವಿಷಯವೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಒಂದೇ ಯಂತ್ರ, ಒಬ್ಬನೇ ಗುಮಾಸ್ತ ಇರುವ ಅಂಗಡಿಗೆ ಅದರ ಅಗತ್ಯ ಇನ್ನೂ ಹೆಚ್ಚು. ಅಲ್ಲಿ ತಿಳಿವಳಿಕೆಯೆಲ್ಲ ಒಬ್ಬರ ತಲೆಯಲ್ಲಿರುತ್ತದೆ. ಅದನ್ನು ಐದು ಪುಟಗಳಲ್ಲಿ ಇಳಿಸಿಡುವುದು ಹೇಗೆ ಎಂಬುದು ಈ ಪಾಠದ ವಿಷಯ.

ಸಮಸ್ಯೆಯ ಸ್ವರೂಪ

ಬಂಟ್ವಾಳ–ಮೂಡುಬಿದಿರೆ ರಸ್ತೆಯಲ್ಲಿರುವ ಸಿದ್ಧಕಟ್ಟೆಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರೂ ಕಡೆಗಳ ಸಂಪರ್ಕವಿದೆ. ಇಂಥ ಪೇಟೆಯಲ್ಲಿ ಅಡಿಕೆ, ಕಾಳುಮೆಣಸು, ಗೇರುಬೀಜ ಖರೀದಿಸುವ ಒಂದು ಅಂಗಡಿಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅಂಗಡಿಯ ಯಜಮಾನರು ಲೆಕ್ಕಕ್ಕೆ ಟ್ಯಾಲಿ ತಂತ್ರಾಂಶವನ್ನು ಕೊಂಡಿದ್ದಾರೆ. ಅಡಿಕೆಯ ತೂಕ, ಚೀಲದ ಕಡಿತ, ಧಾರಣೆ, ಮುಂಗಡ ಇವೆಲ್ಲ ಒಂದೇ ಚೀಟಿಯಲ್ಲಿ ಮುದ್ರಣವಾಗುವಂತೆ ಸಮೀಪದ ಊರಿನ ಯುವಕನೊಬ್ಬನಿಂದ ಅದಕ್ಕೆ ಒಂದು ಸಣ್ಣ ಜೋಡಣೆಯನ್ನೂ ಬರೆಯಿಸಿದ್ದಾರೆ. ಹೊಸ ಅಡಿಕೆಗೆ 11, ಸಿಂಗಲ್ ಚೋಲಿಗೆ 12, ಡಬ್ಬಲ್ ಚೋಲಿಗೆ 13, ಪಟೋರಕ್ಕೆ 21, ಕರಿಗೋಟಿಗೆ 31 ಎಂದು ಸಂಕೇತಗಳನ್ನು ಕೊಡಲಾಗಿದೆ. ಐದು ವರ್ಷ ಎಲ್ಲವೂ ಸುಗಮವಾಗಿ ನಡೆದಿದೆ.

ಆ ಬಳಿಕ ಯುವಕನಿಗೆ ಬೆಂಗಳೂರಿನಲ್ಲಿ ಉದ್ಯೋಗ ದೊರೆಯುತ್ತದೆ. ಗುಮಾಸ್ತೆ ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾರೆ. ಮುಂಗಾರಿಗೆ ಮೊದಲಿನ ಒಂದು ಸಂಜೆ ಸಿಡಿಲು ಬಡಿದು ಯಂತ್ರ ಸುಟ್ಟುಹೋಗುತ್ತದೆ. ಕರಾವಳಿ ಜಿಲ್ಲೆಯಲ್ಲಿ ಇದು ಅಪರೂಪದ ಘಟನೆಯೇನಲ್ಲ. ಯಜಮಾನರು ಮರುದಿನವೇ ಹೊಸ ಯಂತ್ರ ತರಿಸುತ್ತಾರೆ. ಪೆನ್‌ಡ್ರೈವಿನಲ್ಲಿ ದತ್ತಾಂಶದ ಪ್ರತಿಯೂ ಇದೆ. ಆದರೆ ಅದರಲ್ಲಿರುವ ಹನ್ನೆರಡು ಕಡತಕೋಶಗಳಲ್ಲಿ ಕೊನೆಯದು ಯಾವುದು? ಅದನ್ನು ಮರಳಿ ತುಂಬಿಸುವುದು ಹೇಗೆ? ಯುವಕ ಬರೆದ ಜೋಡಣೆಯ ಕಡತ ಎಲ್ಲಿ? ಅದು ಪ್ರತಿಯಲ್ಲಿ ಸೇರಿಯೇ ಇರಲಿಲ್ಲ ಎಂಬುದು ಮೂರನೆಯ ದಿನ ತಿಳಿಯುತ್ತದೆ. ದಿನಕ್ಕೆ 40 ಚೀಟಿಗಳಂತೆ ಮೂರು ದಿನಗಳ 120 ಚೀಟಿಗಳನ್ನು ಕೈಯಲ್ಲಿ ಬರೆದು, ಅನಂತರ ಮತ್ತೆ ನಮೂದಿಸಬೇಕಾಗುತ್ತದೆ. ಕೃಷಿಕರು ಪಕ್ಕದ ಅಂಗಡಿಗೆ ಹೋದದ್ದರ ಲೆಕ್ಕ ಬೇರೆ.

ಇಲ್ಲಿ ದತ್ತಾಂಶ ಉಳಿದಿತ್ತು. ಅದನ್ನು ಬಳಸುವ ತಿಳಿವಳಿಕೆ ಮಾತ್ರ ಊರು ಬಿಟ್ಟಿತ್ತು. ಒಂದು ಪುಟದ ಬರವಣಿಗೆ ಇದ್ದಿದ್ದರೆ ಮೂರು ದಿನಗಳ ಕೆಲಸ ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು.

ಕಾನೂನು ಏನನ್ನು ಕೇಳುತ್ತದೆ?

ತಂತ್ರಾಂಶಕ್ಕೆ ವಿವರಣೆ ಬರೆದಿಡುವುದು ಅನುಕೂಲದ ಮಾತಷ್ಟೇ ಅಲ್ಲ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ನಿಯಮಗಳಲ್ಲಿ 57ನೆಯ ನಿಯಮವು ವಿದ್ಯುನ್ಮಾನ ಲೆಕ್ಕಪತ್ರಗಳಿಗೆ ಸಂಬಂಧಿಸಿದ್ದು. ವರ್ತಕರು ಇದರ ಮೂರು ಅಂಶಗಳನ್ನು ಗಮನಿಸಬೇಕು.

ಮೊದಲನೆಯದಾಗಿ, ಅಪಘಾತದಿಂದಲೋ ಪ್ರಾಕೃತಿಕ ಕಾರಣದಿಂದಲೋ ದಾಖಲೆಗಳು ನಾಶವಾದರೆ ಅವುಗಳನ್ನು ಯುಕ್ತ ಕಾಲದೊಳಗೆ ಮರಳಿ ಪಡೆಯುವಂತೆ ಬ್ಯಾಕಪ್ ಇಟ್ಟಿರಬೇಕು. ಎರಡನೆಯದಾಗಿ, ಅಧಿಕಾರಿಗಳು ಕೇಳಿದಾಗ ದೃಢೀಕರಿಸಿದ ದಾಖಲೆಗಳನ್ನು ಕಾಗದದಲ್ಲಿ ಅಥವಾ ಯಂತ್ರದಲ್ಲಿ ಓದಬಹುದಾದ ರೂಪದಲ್ಲಿ ಹಾಜರುಪಡಿಸಬೇಕು. ಮೂರನೆಯದಾಗಿ, ಕೇಳಿದಾಗ ಕಡತಗಳ ವಿವರ, ಅವುಗಳ ಪಾಸ್‌ವರ್ಡ್, ಅಗತ್ಯವಿದ್ದಲ್ಲಿ ಬಳಸಿದ ಸಂಕೇತಗಳ ವಿವರಣೆ, ಇವುಗಳ ಜೊತೆಗೆ ಮಾಹಿತಿಯ ಮಾದರಿ ಮುದ್ರಿತ ಪ್ರತಿಯನ್ನೂ ಒದಗಿಸಬೇಕು. ಮೇಲಿನ ಉದಾಹರಣೆಯಲ್ಲಿ 11, 12, 21 ಎಂದರೇನು ಎಂಬ ಪ್ರಶ್ನೆಗೆ ‘ಬರೆದ ಹುಡುಗ ಬೆಂಗಳೂರಿನಲ್ಲಿದ್ದಾನೆ’ ಎಂಬುದು ಉತ್ತರವಾಗಲಾರದು.

ಇದೇ ನಿಯಮಗಳ 56ನೆಯ ನಿಯಮದ ಪ್ರಕಾರ ವಿದ್ಯುನ್ಮಾನ ಲೆಕ್ಕಗಳಲ್ಲಿ ತಿದ್ದಿದ ಅಥವಾ ಅಳಿಸಿದ ಪ್ರತಿಯೊಂದು ನಮೂದಿನ ದಾಖಲೆಯೂ ಉಳಿದಿರಬೇಕು. ಕಂಪನಿಯಾಗಿ ನೋಂದಾಯಿತವಾದ ಉದ್ಯಮಗಳಿಗೆ ಇನ್ನೊಂದು ಹೊಣೆಯಿದೆ. 2023ರ ಏಪ್ರಿಲ್ 1ರಿಂದ ಅವರು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ಬದಲಾವಣೆಯ ಜಾಡು ತಾರೀಖಿನ ಸಹಿತ ದಾಖಲಾಗಬೇಕು ಮತ್ತು ಆ ಸೌಲಭ್ಯವನ್ನು ನಿಲ್ಲಿಸಲು ಸಾಧ್ಯವಾಗಬಾರದು.

ಅವಧಿಯ ವಿಷಯವೂ ಮುಖ್ಯ. ತೆರಿಗೆ ಕಾಯಿದೆಯ 36ನೆಯ ಪ್ರಕರಣದಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಪಟ್ಟಿಯ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. 2022–23ರ ಲೆಕ್ಕಕ್ಕೆ ಆ ಕೊನೆಯ ದಿನ 2023ರ ಡಿಸೆಂಬರ್ 31 ಆಗಿತ್ತು. ಆದ್ದರಿಂದ ಆ ಲೆಕ್ಕ 2029ರ ಡಿಸೆಂಬರ್ 31ರ ವರೆಗೆ ಓದಲು ಸಿಗುವಂತಿರಬೇಕು. ಅಷ್ಟು ಕಾಲದಲ್ಲಿ ಯಂತ್ರ, ಗುಮಾಸ್ತ, ತಂತ್ರಾಂಶದ ಆವೃತ್ತಿ, ಬರೆದ ತಂತ್ರಜ್ಞ ಈ ನಾಲ್ಕೂ ಬದಲಾಗುವ ಸಂಭವವಿದೆ. ಬದಲಾಗದೆ ಉಳಿಯಬಹುದಾದದ್ದು ಬರೆದಿಟ್ಟ ಕಾಗದವೊಂದೇ.

ದಪ್ಪ ಪುಸ್ತಕದ ದೋಷ

ದಾಖಲೀಕರಣವೆಂದರೆ ನೂರಾರು ಪುಟಗಳ ಗ್ರಂಥವೆಂಬ ಕಲ್ಪನೆ ಎರಡು ರೀತಿಯಲ್ಲಿ ಹಾನಿಕರ. ಅಷ್ಟು ಬರೆಯಲು ಯಾರೂ ಮುಂದಾಗುವುದಿಲ್ಲ. ಬರೆದರೂ ಅದನ್ನು ಯಾರೂ ಓದುವುದಿಲ್ಲ. ಇದಕ್ಕೆ ಜಗತ್ಪ್ರಸಿದ್ಧವಾದ ಒಂದು ನಿದರ್ಶನವಿದೆ.

1996ರ ಜೂನ್ 4ರಂದು ಯುರೋಪಿನ ಏರಿಯಾನ್–5 ಉಡಾವಣಾ ವಾಹನ ತನ್ನ ಮೊದಲ ಯಾನದಲ್ಲಿಯೇ, ಹೊರಟ ಸುಮಾರು 40 ಸೆಕೆಂಡುಗಳಲ್ಲಿ ನಾಶವಾಯಿತು. ಹಿಂದಿನ ಏರಿಯಾನ್–4 ವಾಹನದ ತಂತ್ರಾಂಶದ ಒಂದು ಭಾಗವನ್ನು ಅದರಲ್ಲಿ ಹಾಗೆಯೇ ಬಳಸಲಾಗಿತ್ತು. ಒಂದು ಸಂಖ್ಯೆ ಇಂತಿಷ್ಟನ್ನು ಮೀರಲಾರದು ಎಂಬ ಗ್ರಹಿಕೆಯ ಮೇಲೆ ಆ ಭಾಗ ನಿಂತಿತ್ತು. ಹಳೆಯ ವಾಹನಕ್ಕೆ ಅದು ಸರಿಯಾಗಿತ್ತು. ಹೆಚ್ಚು ವೇಗದ ಹೊಸ ವಾಹನದಲ್ಲಿ ಸಂಖ್ಯೆ ಮಿತಿಯನ್ನು ಮೀರಿತು. ತನಿಖಾ ಮಂಡಳಿಯ ವರದಿಯಲ್ಲಿ ಲೆಕ್ಕಪರಿಶೋಧಕರೂ ಮೆಚ್ಚುವಂಥ ಒಂದು ಅಂಶವಿದೆ. ಆ ಗ್ರಹಿಕೆಯನ್ನು ಎಲ್ಲ ಪಕ್ಷಗಳೂ ಒಪ್ಪಿದ್ದವು. ಆದರೆ ಅದರ ಸಮರ್ಥನೆ ತಂತ್ರಾಂಶದ ಮೂಲ ಬರಹದಲ್ಲಿ ಇರಲಿಲ್ಲ. ದಾಖಲೆಗಳ ರಾಶಿ ದೊಡ್ಡದಾಗಿದ್ದುದರಿಂದ ಹೊರಗಿನ ಪರಿಶೀಲಕರ ಕಣ್ಣಿಗೆ ಅದು ಬೀಳಲಿಲ್ಲ. ಅಲ್ಲಿ ಕಾಗದಕ್ಕೆ ಕೊರತೆಯಿರಲಿಲ್ಲ. ಬೇಕಾದ ಒಂದು ಸಾಲು ಬೇಕಾದ ಜಾಗದಲ್ಲಿರಲಿಲ್ಲ.

ಇದಕ್ಕೆ ವಿರುದ್ಧವಾದ ಉತ್ತಮ ಮಾದರಿಯೂ ಇದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ಯುನಿಕ್ಸ್ ವ್ಯವಸ್ಥೆಯ ಮೊದಲ ಕೈಪಿಡಿ 1971ರ ನವೆಂಬರ್ 3ರ ತಾರೀಖನ್ನು ಹೊತ್ತಿದೆ. ಅದರಲ್ಲಿ ಪ್ರತಿಯೊಂದು ಆದೇಶಕ್ಕೂ ಸಾಮಾನ್ಯವಾಗಿ ಒಂದೆರಡು ಪುಟ ಮಾತ್ರ. ಶೀರ್ಷಿಕೆಗಳ ಕ್ರಮವೂ ಒಂದೇ: ಹೆಸರು, ಬಳಸುವ ರೀತಿ, ವಿವರಣೆ, ಸಂಬಂಧಪಟ್ಟ ಕಡತಗಳು, ದೋಷ ಸೂಚನೆಗಳು, ಗೊತ್ತಿರುವ ಕುಂದುಗಳು, ಹೊಣೆಗಾರನ ಹೆಸರು. ತಮ್ಮ ತಂತ್ರಾಂಶದ ಕುಂದನ್ನು ತಾವೇ ಒಪ್ಪಿ ಬರೆದದ್ದೂ, ಯಾರನ್ನು ಕೇಳಬೇಕೆಂದು ಸೂಚಿಸಿದ್ದೂ ಆ ಕೈಪಿಡಿಯ ಹಿರಿಮೆ. ಈ ಎರಡು ಶೀರ್ಷಿಕೆಗಳು ಅಂಗಡಿಯ ಕೈಪಿಡಿಯಲ್ಲಿಯೂ ಇರತಕ್ಕದ್ದು.

ಐದು ಪುಟಗಳ ಯೋಜನೆ

ಬರೆಯುವ ಮೊದಲು ಓದುವವರು ಯಾರೆಂದು ನಿರ್ಧರಿಸಬೇಕು. ಅಂಗಡಿಯ ಕೈಪಿಡಿಗೆ ಮೂವರು ಓದುಗರು: ನಿನ್ನೆ ಸೇರಿದ ಗುಮಾಸ್ತ, ಯಂತ್ರ ರಿಪೇರಿಗೆ ಬಂದ ಅಪರಿಚಿತ ತಂತ್ರಜ್ಞ, ಲೆಕ್ಕ ಪರಿಶೀಲಿಸುವ ಲೆಕ್ಕಪರಿಶೋಧಕ ಅಥವಾ ಅಧಿಕಾರಿ. ಈ ಮೂವರಲ್ಲಿ ಒಬ್ಬರಿಗೂ ಬೇಡವಾದ ಮಾತು ಕೈಪಿಡಿಯಲ್ಲಿ ಇರಬಾರದು. ತಂತ್ರಾಂಶ ಕಂಪನಿಯೇ ಮುದ್ರಿಸಿದ ಸೂಚನೆಗಳನ್ನು ಮತ್ತೆ ನಕಲು ಮಾಡುವುದು ವ್ಯರ್ಥ. ಈ ಅಂಗಡಿಗೆ ಮಾತ್ರ ವಿಶಿಷ್ಟವಾದದ್ದನ್ನು ಬರೆದರೆ ಸಾಕು.

1. ಪರಿಚಯದ ಪುಟ: ತಂತ್ರಾಂಶದ ಹೆಸರು, ಆವೃತ್ತಿ, ಪರವಾನಗಿ ಯಾರ ಹೆಸರಿನಲ್ಲಿದೆ, ನವೀಕರಣದ ತಾರೀಖು, ಯಾವ ಯಂತ್ರದಲ್ಲಿ ಯಾವ ಕೋಶದಲ್ಲಿ ದತ್ತಾಂಶವಿದೆ, ಪ್ರತ್ಯೇಕವಾಗಿ ಬರೆಯಿಸಿದ ಜೋಡಣೆಗಳು ಯಾವುವು, ಅವು ಎಲ್ಲಿವೆ, ತೊಂದರೆಯಾದರೆ ಯಾರಿಗೆ ದೂರವಾಣಿ ಮಾಡಬೇಕು. ಮುದ್ರಣಯಂತ್ರ, ವಿದ್ಯುನ್ಮಾನ ತಕ್ಕಡಿ ಇವು ಯಂತ್ರಕ್ಕೆ ಹೇಗೆ ಜೋಡಣೆಯಾಗಿವೆ ಎಂಬುದನ್ನೂ ಇಲ್ಲಿಯೇ ಸೂಚಿಸಬೇಕು.

2. ದಿನದ ಕೆಲಸದ ಪುಟ: ಬೆಳಗ್ಗೆ ತೆರೆಯುವಾಗ, ಚೀಟಿ ಬರೆಯುವಾಗ, ಸಂಜೆ ಮುಚ್ಚುವಾಗ ಅನುಸರಿಸುವ ಕ್ರಮ. ಪ್ರತಿ ಹಂತಕ್ಕೂ ಸಂಖ್ಯೆ. ಒಂದು ಹಂತಕ್ಕೆ ಒಂದೇ ಕೆಲಸ.

3. ಸಂಕೇತಗಳ ಪುಟ: ಸರಕು, ಗ್ರಾಹಕ, ಚೀಟಿಯ ಬಗೆ ಇವುಗಳಿಗೆ ಕೊಟ್ಟ ಎಲ್ಲ ಸಂಕೇತಗಳ ಕೋಷ್ಟಕ. ಪ್ರತಿ ಸಂಕೇತದ ಎದುರು ಅಳತೆಯ ಮಾನ. ಧಾರಣೆ ಕಿಲೋಗೋ ಕ್ವಿಂಟಾಲಿಗೋ ಎಂಬುದು ಎಲ್ಲರಿಗೂ ಗೊತ್ತೆಂದು ಬಿಡಬಾರದು. 1999ರ ಸೆಪ್ಟೆಂಬರಿನಲ್ಲಿ ಮಂಗಳ ಗ್ರಹವನ್ನು ಸಮೀಪಿಸಿದ್ದ ಅಮೆರಿಕದ ನೌಕೆಯೊಂದು ಕಳೆದುಹೋದದ್ದು, ಒಂದು ತಂತ್ರಾಂಶ ಪೌಂಡಿನ ಮಾನದಲ್ಲಿ ಕೊಟ್ಟ ಅಂಕಿಗಳನ್ನು ಇನ್ನೊಂದು ಮೆಟ್ರಿಕ್ ಮಾನದವೆಂದು ಗ್ರಹಿಸಿದ ಕಾರಣದಿಂದ. ಮೆಟ್ರಿಕ್ ಮಾನವೇ ಇರಬೇಕೆಂದು ಅಲ್ಲಿ ದಾಖಲೆಯಲ್ಲಿ ಬರೆದಿತ್ತು. ತಂತ್ರಾಂಶವನ್ನು ಆ ದಾಖಲೆಯೊಡನೆ ತಾಳೆ ನೋಡಿರಲಿಲ್ಲ.

4. ಬ್ಯಾಕಪ್ ಮತ್ತು ಮರುಸ್ಥಾಪನೆಯ ಪುಟ: ಪ್ರತಿ ಎಲ್ಲಿ, ಯಾವಾಗ, ಯಾರಿಂದ, ಹೊಸ ಯಂತ್ರ ಬಂದರೆ ಮೊದಲಿನಿಂದ ಕೊನೆಯವರೆಗೆ ಏನು ಮಾಡಬೇಕು. ಹೆಚ್ಚಿನ ಅಂಗಡಿಗಳಲ್ಲಿ ಪ್ರತಿ ತೆಗೆಯುವುದು ಗೊತ್ತಿರುತ್ತದೆ, ಮರಳಿ ತುಂಬಿಸುವುದು ಗೊತ್ತಿರುವುದಿಲ್ಲ. ಆದ್ದರಿಂದ ಈ ಪುಟದ ಉತ್ತರಾರ್ಧಕ್ಕೆ ಹೆಚ್ಚು ಗಮನ ಕೊಡಬೇಕು.

5. ನಿರ್ಧಾರಗಳ ಪುಟ: ಯಾವ ತಾರೀಖಿನಂದು ಏನನ್ನು ಬದಲಿಸಲಾಯಿತು, ಏಕೆ, ಯಾರ ಒಪ್ಪಿಗೆಯಿಂದ. ಗೊತ್ತಿರುವ ಕುಂದುಗಳೂ ಇದೇ ಪುಟದಲ್ಲಿ. ‘100ಕ್ಕಿಂತ ಹೆಚ್ಚು ಸಾಲುಗಳ ಚೀಟಿಯಲ್ಲಿ ಒಟ್ಟು ಮೊತ್ತ ಎರಡನೆಯ ಹಾಳೆಗೆ ಹೋಗುತ್ತದೆ, ಚೀಟಿಯನ್ನು ಎರಡಾಗಿ ಮಾಡಬೇಕು’ ಎಂಬಂಥ ಒಂದು ಸಾಲು ಹೊಸ ಗುಮಾಸ್ತನ ಅರ್ಧ ದಿನವನ್ನು ಉಳಿಸುತ್ತದೆ.

ಸಣ್ಣ ಕೈಗಾರಿಕೆ ನಡೆಸುವವರು ಇದೇ ಐದು ಪುಟಗಳನ್ನು ತಮ್ಮ ಉತ್ಪಾದನಾ ಲೆಕ್ಕಕ್ಕೆ ಹೊಂದಿಸಿಕೊಳ್ಳಬಹುದು. ಗೇರುಬೀಜ ಕಾರ್ಖಾನೆಯಾದರೆ ತಿರುಳಿನ ದರ್ಜೆಗಳ ಸಂಕೇತ, ಕಚ್ಚಾ ಬೀಜದಿಂದ ಬರಬೇಕಾದ ತಿರುಳಿನ ಪ್ರಮಾಣವನ್ನು ತಂತ್ರಾಂಶ ಲೆಕ್ಕ ಹಾಕುವ ರೀತಿ ಇವು ಮೂರನೆಯ ಪುಟದಲ್ಲಿ ಬರುತ್ತವೆ.

ವಾಕ್ಯ ಹೇಗಿರಬೇಕು?

ಕೈಪಿಡಿಯ ವಾಕ್ಯವು ಕೆಲಸ ಮಾಡಿಸಬೇಕು. ಒಂದು ಮಾದರಿಯನ್ನು ನೋಡಬಹುದು.

ಮೊದಲ ರೂಪ: ‘ತಂತ್ರಾಂಶದ ಸಮರ್ಪಕ ಕಾರ್ಯನಿರ್ವಹಣೆಯ ದೃಷ್ಟಿಯಿಂದ ಬಳಕೆದಾರರು ನಿಯತವಾಗಿ ದತ್ತಾಂಶದ ಪ್ರತಿಯನ್ನು ಸುರಕ್ಷಿತ ಸ್ಥಳದಲ್ಲಿ ಸಂಗ್ರಹಿಸುವ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು.’

ತಿದ್ದಿದ ರೂಪ: ‘ಪ್ರತಿದಿನ ಅಂಗಡಿ ಮುಚ್ಚುವ ಮೊದಲು: 1. ಎರಡೂ ಯಂತ್ರಗಳಲ್ಲಿ ಬಿಲ್ಲಿನ ತಂತ್ರಾಂಶವನ್ನು ಮುಚ್ಚಿ. 2. ನೀಲಿ ಪೆನ್‌ಡ್ರೈವ್ ಹಾಕಿ. 3. ಬ್ಯಾಕಪ್ ಒತ್ತಿ. 4. ಹೊಸ ಕಡತದ ಮೇಲೆ ಇಂದಿನ ತಾರೀಖು ಇದೆಯೇ ನೋಡಿ. ಇಲ್ಲದಿದ್ದರೆ ಯಜಮಾನರಿಗೆ ತಿಳಿಸಿ. 5. ಪೆನ್‌ಡ್ರೈವನ್ನು ಅಂಗಡಿಯಲ್ಲಿ ಬಿಡಬೇಡಿ. ಯಜಮಾನರ ಕೈಗೆ ಕೊಡಿ.’

ಮೊದಲನೆಯದು ಓದಲು ಗಂಭೀರವಾಗಿದೆ. ಆದರೆ ಅದನ್ನು ಓದಿದ ಗುಮಾಸ್ತ ಏನು ಮಾಡಬೇಕೆಂದು ಯಾರನ್ನಾದರೂ ಕೇಳಲೇಬೇಕು. ಎರಡನೆಯದರಲ್ಲಿ ‘ನಿಯತ’ ಎಂಬಲ್ಲಿ ಹೊತ್ತು ಇದೆ, ‘ಸುರಕ್ಷಿತ ಸ್ಥಳ’ ಎಂಬಲ್ಲಿ ಜಾಗ ಇದೆ, ‘ಸೂಕ್ತ ಕ್ರಮ’ ಎಂಬಲ್ಲಿ ಒತ್ತಬೇಕಾದ ಗುಂಡಿ ಇದೆ. ಕೆಲಸ ಸರಿಯಾಯಿತೆಂದು ತಿಳಿಯುವ ಗುರುತೂ, ಸರಿಯಾಗದಿದ್ದರೆ ಮಾಡಬೇಕಾದದ್ದೂ ಇದೆ. ಯಾವ ಸೂಚನೆಗಾದರೂ ಈ ಎರಡು ಸೇರಿದರೆ ಅದು ಪೂರ್ಣವಾಗುತ್ತದೆ.

ಕಾರಣ ಬರೆಯದಿದ್ದರೆ ಆಗುವ ನಷ್ಟ

ಹೇಗೆ ಮಾಡಬೇಕೆಂಬುದನ್ನು ಯಂತ್ರದ ಮುಂದೆ ಕುಳಿತು ಕಂಡುಕೊಳ್ಳಲು ಕೆಲವೊಮ್ಮೆ ಸಾಧ್ಯ. ಏಕೆ ಹಾಗೆ ಮಾಡಲಾಗಿದೆ ಎಂಬುದನ್ನು ಯಂತ್ರ ಎಂದಿಗೂ ಹೇಳುವುದಿಲ್ಲ.

ಮೇಲೆ ಹೇಳಿದ ಅಂಗಡಿಯಲ್ಲಿ ಅಡಿಕೆ ಖರೀದಿಗೆ ಒಂದು ಚೀಟಿ, ಗೇರುಬೀಜ ಖರೀದಿಗೆ ಬೇರೊಂದು ಚೀಟಿ ಇದೆಯೆಂದು ಭಾವಿಸಬಹುದು. ಹೊಸ ಗುಮಾಸ್ತನಿಗೆ ಇದು ಅನಗತ್ಯ ಗೊಂದಲವಾಗಿ ಕಾಣುತ್ತದೆ. ಎರಡನ್ನೂ ಒಂದೇ ಚೀಟಿಯಲ್ಲಿ ನಮೂದಿಸತೊಡಗುತ್ತಾನೆ. ಆದರೆ ಬೇರ್ಪಡಿಸಿದ್ದಕ್ಕೆ ಬಲವಾದ ಕಾರಣವಿತ್ತು. ಸಿಪ್ಪೆ ಸುಲಿಯದ ಗೇರುಬೀಜವನ್ನು ಕೃಷಿಕರಿಂದ ಕೊಂಡಾಗ ರಿವರ್ಸ್ ಚಾರ್ಜ್ ಪದ್ಧತಿಯಂತೆ ತೆರಿಗೆ ಕಟ್ಟುವ ಹೊಣೆ ಕೊಂಡ ನೋಂದಾಯಿತ ವರ್ತಕನದೇ ಆಗಿದೆ. ನೋಂದಣಿಯಿಲ್ಲದ ಕೃಷಿಕನ ಪರವಾಗಿ ಬಿಲ್ಲನ್ನೂ ವರ್ತಕನೇ ಬರೆದುಕೊಳ್ಳಬೇಕು. ಪ್ರತ್ಯೇಕ ಚೀಟಿ ಈ ಲೆಕ್ಕವನ್ನು ತಾನಾಗಿ ಮಾಡುತ್ತಿತ್ತು. ಚೀಟಿಗಳು ಒಂದಾದ ತಿಂಗಳಿನಿಂದ ತೆರಿಗೆ ಬಾಕಿಯಾಗುತ್ತಾ ಹೋಗುತ್ತದೆ. ಲೆಕ್ಕಪರಿಶೋಧನೆಯ ಹೊತ್ತಿಗೆ ತೆರಿಗೆಯ ಜೊತೆಗೆ ಬಡ್ಡಿಯೂ ಸೇರಿರುತ್ತದೆ. ಆ ತೆರಿಗೆಯನ್ನು ಹೂಡುವಳಿ ಜಮೆಯಿಂದ ತೀರಿಸಲು ಬರುವುದಿಲ್ಲ, ನಗದಾಗಿಯೇ ಕಟ್ಟಬೇಕು.

ಇದನ್ನು ತಡೆಯಲು ಬೇಕಾಗಿದ್ದದ್ದು ಐದನೆಯ ಪುಟದ ಒಂದು ಸಾಲು: ‘ಗೇರುಬೀಜದ ಚೀಟಿ ಬೇರೆಯೇ ಇರಲಿ. ಕಾರಣ: ರಿವರ್ಸ್ ಚಾರ್ಜ್ ತೆರಿಗೆ. ಬದಲಿಸುವ ಮೊದಲು ಲೆಕ್ಕಪರಿಶೋಧಕರನ್ನು ಕೇಳಿ.’ ವಿಚಿತ್ರವಾಗಿ ಕಾಣುವ ಪ್ರತಿಯೊಂದು ಏರ್ಪಾಟಿಗೂ ಇಂಥ ಒಂದು ಸಾಲನ್ನು ಬರೆದಿಡಬೇಕು.

ಭಾಷೆ ಮತ್ತು ಲಿಪಿ

ಕೈಪಿಡಿಯು ಬಳಸುವವರ ಭಾಷೆಯಲ್ಲಿರಬೇಕು. ತೆರೆಯ ಮೇಲಿನ ಗುಂಡಿಗಳ ಹೆಸರು ಇಂಗ್ಲಿಷಿನಲ್ಲಿದ್ದರೆ ಅವನ್ನು ಹಾಗೆಯೇ ಉಳಿಸಿಕೊಂಡು, ಉಳಿದ ಮಾತನ್ನು ಕನ್ನಡದಲ್ಲಿ ಬರೆಯುವುದೇ ಲೇಸು. ಅಂಗಡಿಯಲ್ಲಿ ‘ಪಟೋರ’ ಎಂದು ಕರೆಯುವುದನ್ನು ಕೈಪಿಡಿಯಲ್ಲಿ ಇನ್ನೊಂದು ಹೆಸರಿನಿಂದ ಕರೆಯಬಾರದು. ಒಂದು ವಸ್ತುವಿಗೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಹೆಸರು ಎಂಬುದು ನಿಯಮವಾಗಬೇಕು.

ಸಂಕ್ಷಿಪ್ತ ದಾಖಲೆಗೆ ಈ ಜಿಲ್ಲೆಯಲ್ಲಿಯೇ ಒಂದು ಹೆಮ್ಮೆಯ ನಿದರ್ಶನವಿದೆ. ಮಂಗಳೂರು ಸಮೀಪದ ಕಿನ್ನಿಕಂಬಳ ಮೂಲದ ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸವನ್ನು ಒಂದು ಸಣ್ಣ ಚಿತ್ರಪಟದಲ್ಲಿ ತೋರಿಸಿಬಿಡಬಹುದು. ಅಕ್ಷರಗಳು ಉಚ್ಚಾರಣೆಗೆ ಹೊಂದುವ ಇಂಗ್ಲಿಷ್ ಕೀಲಿಗಳ ಮೇಲೆಯೇ ಇರುವುದರಿಂದ ಕಲಿಯುವವರಿಗೆ ಉದ್ದದ ವಿವರಣೆ ಬೇಕಾಗುವುದಿಲ್ಲ. ವ್ಯವಸ್ಥೆ ಸರಳವಾದಷ್ಟೂ ಕೈಪಿಡಿ ತೆಳುವಾಗುತ್ತದೆ. ವಿವರಿಸಲು ಎರಡು ಪುಟ ಬೇಕಾಗುವ ಚೀಟಿಯಿದ್ದರೆ, ಚೀಟಿಯನ್ನೇ ಸರಳಗೊಳಿಸಲು ಸಾಧ್ಯವೇ ಎಂದು ಮೊದಲು ನೋಡಬೇಕು.

ಹಳೆಯ ದತ್ತಾಂಶವುಳ್ಳವರು ಇನ್ನೊಂದು ವಿಷಯವನ್ನು ಬರೆದಿಡಬೇಕು. ಯುನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದ ಹೆಸರುಗಳು ಆಯಾ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಯಾವ ವರ್ಷದ ವರೆಗೆ ಯಾವ ಅಕ್ಷರಶೈಲಿ ಬಳಕೆಯಾಗಿದೆ, ಅದರ ಕಡತ ಎಲ್ಲಿದೆ ಎಂಬ ಒಂದು ಸಾಲು ಮೊದಲ ಪುಟದಲ್ಲಿರಲಿ.

ಪಾಸ್‌ವರ್ಡಿನ ವಿಷಯ

ಪಾಸ್‌ವರ್ಡ್‌ಗಳನ್ನು ಕೈಪಿಡಿಯಲ್ಲಿ ಬರೆಯಬಾರದು. ಗೋಡೆಗೆ ಅಂಟಿಸಲೂ ಬಾರದು. ಆದರೆ ಗುಮಾಸ್ತನಿಗೆ ಮಾತ್ರ ಗೊತ್ತಿದ್ದು ಯಜಮಾನರಿಗೆ ಗೊತ್ತಿಲ್ಲದಿರುವುದು ಇನ್ನೂ ಅಪಾಯಕರ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಮುಚ್ಚಿದ ಲಕೋಟೆಯಲ್ಲಿಟ್ಟು, ಮೇಲೆ ತಾರೀಖು ಮತ್ತು ಸಹಿ ಹಾಕಿ ತಿಜೋರಿಯಲ್ಲಿಡುವುದು ಸರಳ ಕ್ರಮ. ‘ಪಾಸ್‌ವರ್ಡ್ ಲಕೋಟೆ ತಿಜೋರಿಯಲ್ಲಿದೆ’ ಎಂಬಷ್ಟು ಮಾತ್ರ ಕೈಪಿಡಿಯಲ್ಲಿರಲಿ. ಕೆಲಸಗಾರರು ಬಿಟ್ಟುಹೋದ ದಿನವೇ ಪಾಸ್‌ವರ್ಡ್ ಬದಲಿಸಿ ಹೊಸ ಲಕೋಟೆ ಇಡಬೇಕು.

ಕೈಪಿಡಿಯ ಪರೀಕ್ಷೆ

ಬರೆದ ಕೈಪಿಡಿ ಸರಿಯಿದೆಯೇ ಎಂದು ತಿಳಿಯಲು ಒಂದೇ ವಿಧಾನವಿದೆ. ತಂತ್ರಾಂಶವನ್ನು ಎಂದೂ ಬಳಸದ ಒಬ್ಬರ ಕೈಗೆ ಅದನ್ನು ಕೊಟ್ಟು, ಒಂದು ಖರೀದಿ ಚೀಟಿ ಬರೆದು, ಬ್ಯಾಕಪ್ ತೆಗೆದು, ಇನ್ನೊಂದು ಯಂತ್ರದಲ್ಲಿ ಅದನ್ನು ಮರಳಿ ತುಂಬಿಸಲು ಹೇಳಬೇಕು. ಬರೆದವರು ಪಕ್ಕದಲ್ಲಿ ಸುಮ್ಮನೆ ಕುಳಿತಿರಬೇಕು. ಅವರು ಪ್ರಶ್ನೆ ಕೇಳಿದ ಪ್ರತಿಯೊಂದು ಜಾಗದಲ್ಲಿಯೂ ಕೈಪಿಡಿಯನ್ನು ತಿದ್ದಬೇಕು. ಯಾರೂ ಬಳಸದ ಸಾಲುಗಳನ್ನು ತೆಗೆದುಹಾಕಬೇಕು.

ಈ ಪರೀಕ್ಷೆಯನ್ನು ವರ್ಷಕ್ಕೆ ಎರಡು ಬಾರಿ ಮಾಡುವುದು ಉತ್ತಮ. ಹೊಸ ಲೆಕ್ಕದ ವರ್ಷ ಆರಂಭವಾಗುವ ಏಪ್ರಿಲ್ ಮೊದಲ ವಾರ ಒಂದು. ಸಿಡಿಲಿನ ದಿನಗಳು ಆರಂಭವಾಗುವ ಹೊತ್ತೂ ಅದೇ. ದೀಪಾವಳಿಯ ಅಂಗಡಿ ಪೂಜೆಯ ಸಮಯ ಇನ್ನೊಂದು. ಹೊಸ ಪುಸ್ತಕಕ್ಕೆ ಪೂಜೆ ಸಲ್ಲಿಸುವ ದಿನವೇ ಕೈಪಿಡಿಯ ಮೇಲೆಯೂ ‘ಪರಿಶೀಲಿಸಲಾಗಿದೆ’ ಎಂದು ತಾರೀಖು ಹಾಕಿದರೆ ಮರೆಯುವ ಪ್ರಮೇಯವಿಲ್ಲ.

ಇವಲ್ಲದೆ ಕಾನೂನು ಬದಲಾದ ದಿನವೂ ಕೈಪಿಡಿಯನ್ನು ತೆರೆಯಬೇಕು. 2025ರ ಸೆಪ್ಟೆಂಬರ್ 22ರಂದು ತೆರಿಗೆ ದರಗಳು ವ್ಯಾಪಕವಾಗಿ ಬದಲಾದವು. ಸಿಮೆಂಟಿನ ದರ ಶೇ. 28ರಿಂದ 18ಕ್ಕೂ, ತುಪ್ಪದ ದರ ಶೇ. 12ರಿಂದ 5ಕ್ಕೂ, ತಲೆಗೂದಲ ಎಣ್ಣೆಯ ದರ ಶೇ. 18ರಿಂದ 5ಕ್ಕೂ ಇಳಿದವು. ದರವು ಸರಕಿನ ಪಟ್ಟಿಯಲ್ಲಿದೆಯೇ, ಗುಂಪಿನ ಪಟ್ಟಿಯಲ್ಲಿದೆಯೇ, ಬಿಲ್ಲಿನ ಮಾದರಿಯಲ್ಲಿಯೇ ಸೇರಿಕೊಂಡಿದೆಯೇ ಎಂಬುದು ಮೊದಲೇ ಬರೆದಿದ್ದ ಅಂಗಡಿಗೆ ಅದು ಒಂದು ರಾತ್ರಿಯ ಕೆಲಸ. ಬರೆಯದ ಅಂಗಡಿಯಲ್ಲಿ ಬಿಲ್ಲು ಹರಿದ ಮೇಲೆ, ಗ್ರಾಹಕರು ತೋರಿಸಿದ ಮೇಲೆ ತಪ್ಪು ತಿಳಿಯುತ್ತದೆ. ಬದಲಾವಣೆಗೆ ಮೊದಲು ಮಾರಿದ ಸರಕು ಅನಂತರ ಹಿಂದಿರುಗಿದರೆ ಮೂಲ ಬಿಲ್ಲಿನ ದರದಲ್ಲಿಯೇ ಕ್ರೆಡಿಟ್ ನೋಟು ಬರೆಯಬೇಕಾದ್ದರಿಂದ, ಹಳೆಯ ದರಗಳ ಪಟ್ಟಿಯನ್ನೂ ತಾರೀಖಿನ ಸಹಿತ ಐದನೆಯ ಪುಟದಲ್ಲಿ ಉಳಿಸಿಕೊಳ್ಳಬೇಕು.

ತಂತ್ರಜ್ಞರೊಡನೆ ಕರಾರು

ಹೊಸದಾಗಿ ತಂತ್ರಾಂಶ ಬರೆಯಿಸುವವರು ಕೈಪಿಡಿಯ ವಿಷಯವನ್ನು ಕೆಲಸ ಒಪ್ಪಿಸುವಾಗಲೇ ಇತ್ಯರ್ಥಪಡಿಸಿಕೊಳ್ಳಬೇಕು. ಮುಗಿದ ಮೇಲೆ ಕೇಳಿದರೆ ತಂತ್ರಜ್ಞನಿಗೆ ಅದು ಬಿಟ್ಟಿ ಕೆಲಸವಾಗಿ ಕಾಣುವುದು ಸಹಜ. ಕರಾರಿನಲ್ಲಿ ನಾಲ್ಕು ಅಂಶಗಳಿರಲಿ.

ಒಂದು, ಕೈಪಿಡಿಯ ಐದು ಪುಟಗಳೂ ಕೆಲಸದ ಭಾಗ. ಅದಕ್ಕೂ ಸಂಭಾವನೆ ನಿಗದಿಯಾಗಿದೆ. ಎರಡು, ಅಪರಿಚಿತರೊಬ್ಬರು ಕೈಪಿಡಿಯನ್ನು ನೋಡಿ ಹೊಸ ಯಂತ್ರದಲ್ಲಿ ತಂತ್ರಾಂಶವನ್ನು ನಿಲ್ಲಿಸಿ ತೋರಿಸಿದ ಮೇಲೆ ಕೊನೆಯ ಕಂತು ಪಾವತಿ. ಮೂರು, ಮೂಲ ಬರಹದ ಪ್ರತಿಯನ್ನು ಯಜಮಾನರಿಗೆ ಒಪ್ಪಿಸಬೇಕು. ನಾಲ್ಕು, ಹಕ್ಕುಸ್ವಾಮ್ಯದ ವರ್ಗಾವಣೆ. ಹಣ ಕೊಟ್ಟು ಬರೆಯಿಸಿದ ಮಾತ್ರಕ್ಕೆ ತಂತ್ರಾಂಶ ತಮ್ಮದಾಯಿತೆಂದು ಅನೇಕರು ತಿಳಿಯುತ್ತಾರೆ. 1957ರ ಹಕ್ಕುಸ್ವಾಮ್ಯ ಕಾಯಿದೆಯಂತೆ, ಸಂಬಳದ ನೌಕರನಲ್ಲದ ಹೊರಗಿನ ತಂತ್ರಜ್ಞ ಬರೆದ ತಂತ್ರಾಂಶದ ಹಕ್ಕು ಸಾಮಾನ್ಯವಾಗಿ ಬರೆದವನದೇ. ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಆಗಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷಗಳಿಗೆಂದು ಪರಿಗಣಿತವಾಗುತ್ತದೆ ಎಂಬುದೂ ಗಮನದಲ್ಲಿರಬೇಕು.

ತಂತ್ರಜ್ಞನಿಗೂ ಇದರಿಂದ ಲಾಭವಿದೆ. ಒಳ್ಳೆಯ ಕೈಪಿಡಿ ಬರೆದುಕೊಟ್ಟವನಿಗೆ ಸಂಜೆಯ ಹೊತ್ತಿನಲ್ಲಿ ಸಣ್ಣಪುಟ್ಟ ಸಂದೇಹಗಳ ದೂರವಾಣಿ ಕರೆಗಳು ಬರುವುದು ಕಡಿಮೆಯಾಗುತ್ತದೆ.

ಉಪಸಂಹಾರ

ಖರ್ಚಿನ ದೃಷ್ಟಿಯಿಂದ ನೋಡಿದರೆ, ಪುಟಕ್ಕೆ ಎರಡು ಗಂಟೆಯಂತೆ ಐದು ಪುಟಗಳಿಗೆ ಹತ್ತು ಗಂಟೆಗಳ ಕೆಲಸ. ವರ್ಷಕ್ಕೆರಡು ಪರೀಕ್ಷೆಗಳಿಗೆ ಒಂದೊಂದು ಮಧ್ಯಾಹ್ನ. ಒಮ್ಮೆಗೇ ಬರೆಯಲು ಆಗದವರು ನಾಲ್ಕನೆಯ ಪುಟದಿಂದ, ಅಂದರೆ ಬ್ಯಾಕಪ್ ಮತ್ತು ಮರುಸ್ಥಾಪನೆಯ ಪುಟದಿಂದ ಆರಂಭಿಸಬಹುದು. ಅದು ಇಲ್ಲದಿದ್ದರೆ ಆಗುವ ನಷ್ಟ ಎಲ್ಲಕ್ಕಿಂತ ದೊಡ್ಡದು. ಮುಂದಿನ ವಾರ ಸಂಕೇತಗಳ ಪುಟ. ಅದನ್ನು ಕಾನೂನೇ ಕೇಳುತ್ತದೆ. ಉಳಿದ ಮೂರನ್ನು ಆಯಾ ಕೆಲಸ ಎದುರಾದಾಗ ಬರೆಯುತ್ತಾ ಹೋದರೆ ಒಂದು ತಿಂಗಳಲ್ಲಿ ಕೈಪಿಡಿ ಸಿದ್ಧವಾಗುತ್ತದೆ.

ಅದನ್ನು ಮುದ್ರಿಸಿ ಒಂದು ಪ್ರತಿಯನ್ನು ಯಂತ್ರದ ಬಳಿ, ಒಂದನ್ನು ಯಜಮಾನರ ಮನೆಯಲ್ಲಿ, ಒಂದನ್ನು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಇಡಬೇಕು. ಯಂತ್ರದೊಳಗೆ ಮಾತ್ರ ಇಟ್ಟ ಕೈಪಿಡಿ ಯಂತ್ರ ಸುಟ್ಟ ದಿನ ಅದರೊಡನೆಯೇ ಹೋಗುತ್ತದೆ.